ಸರ್ಕಾರಿ ಶಸ್ತ್ರ ಕಂಪನಿ ಅಂತ ಹೇಳಿ ಬಂದವರಿಗೆ ನನ್ನ ಐಇಸಿ ಕೊಡಬಹುದೇ?

ಪ್ರಶ್ನೆ: ಕುಂಬಳೆ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಉಂಟು. ಪಂಪ್‌ಸೆಟ್ ಸ್ಪೇರ್, ಬೇರಿಂಗ್, ಬೆಲ್ಟ್, ಆಯಿಲ್ ಸೀಲ್ ಇಂಥದ್ದೆಲ್ಲ. ನಾಲ್ಕು ವರ್ಷದ ಹಿಂದೆ ಗಲ್ಫಿಗೆ ಅಡಿಕೆ ಹಾಳೆ ತಟ್ಟೆ ಕಳಿಸುವ ಅಂತ ಐಇಸಿ (ಆಮದು-ರಫ್ತು ಮಾಡಲು ಬೇಕಾದ ಕೋಡ್ ನಂಬರ್) ಮಾಡಿಸಿದ್ದೆ. ಒಂದೇ ಸಲ ಕಳಿಸಿದ್ದು, ಮತ್ತೆ ಮುಂದುವರಿಯಲಿಲ್ಲ. ಈಗ ಶಾರ್ಜಾದಲ್ಲಿರುವ ನನ್ನ ಭಾವನ ಮೂಲಕ ಒಬ್ಬರು ವಾಟ್ಸಾಪಿನಲ್ಲಿ ಸಂಪರ್ಕಕ್ಕೆ ಬಂದಿದ್ದಾರೆ. ಒಂದು ಹೊರದೇಶದ ಸರ್ಕಾರದ ಶಸ್ತ್ರಾಸ್ತ್ರ ವ್ಯಾಪಾರ ಕಂಪನಿಯ ಪ್ರತಿನಿಧಿ ಅಂತೆ. ನಾನು ಇಲ್ಲಿ ಸಣ್ಣ ಅಳತೆಯ ಬಾಲ್ ಬೇರಿಂಗ್, ಟ್ಯಾಂಟಲಮ್ ಕೆಪಾಸಿಟರ್ (ಎಲೆಕ್ಟ್ರಾನಿಕ್ಸ್ ಬಿಡಿಭಾಗ), ಕನೆಕ್ಟರ್ ಖರೀದಿ ಮಾಡಿ ಶಾರ್ಜಾಕ್ಕೆ ಕಳಿಸಬೇಕು, ಶೇ 8 ಕಮಿಷನ್. ಹಣ ಬೇರೊಂದು ಟ್ರೇಡಿಂಗ್ ಕಂಪನಿಯಿಂದ ಬರುತ್ತದಂತೆ. ಮೊದಲು 1.8 ಲಕ್ಷ ನೋಂದಣಿ ಶುಲ್ಕ ಕಟ್ಟಬೇಕು. ಪ್ಯಾನ್ ಕಾಪಿ, ಕ್ಯಾನ್ಸಲ್ ಮಾಡಿದ ಚೆಕ್, ಸಹಿ ಹಾಕಿದ ಎರಡು ಖಾಲಿ ಲೆಟರ್‌ಹೆಡ್ ಕಳಿಸಿಯಾಗಿದೆ. ಹಣ ಇನ್ನೂ ಕಟ್ಟಲಿಲ್ಲ, ಹೆಂಡತಿಯ ಬಂಗಾರ ಇಡಬೇಕಷ್ಟೆ. ಸರ್ಕಾರದ್ದೇ ಕಂಪನಿ ಅಂದ ಮೇಲೆ ಮೋಸ ಇರಲಿಕ್ಕಿಲ್ಲ ಅಂತ ಭಾವ ಹೇಳುತ್ತಾನೆ. ಏನು ಮಾಡಲಿ?

ಉತ್ತರ:

ಬಂಗಾರ ಇಡಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದನ್ನು ಆಮೇಲೆ ನಿಧಾನಕ್ಕೆ ಓದಿ.

ನಾನು ಬೆಂಗಳೂರಿನಲ್ಲಿ ರಕ್ಷಣಾ ಸಾಮಗ್ರಿ ತಯಾರಿಸುವ ಒಂದು ಸರ್ಕಾರಿ ಕಂಪನಿಯ ರಫ್ತು ಕರಾರು ವಿಭಾಗದಲ್ಲಿ 27 ವರ್ಷ ಕೆಲಸ ಮಾಡಿದವನು. ಈಗ ನಿವೃತ್ತಿಯಾಗಿ ಬದಿಯಡ್ಕದ ಕಡೆ ತೋಟ ನೋಡಿಕೊಂಡು ಇದ್ದೇನೆ. ನಿಮ್ಮ ಪತ್ರದಲ್ಲಿ 1.8 ಲಕ್ಷಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಆ ಎರಡು ಖಾಲಿ ಲೆಟರ್‌ಹೆಡ್. ಹಣ ಹೋದರೆ ಹಣ ಮಾತ್ರ ಹೋಗುತ್ತದೆ. ಸಹಿ ಹಾಕಿದ ಖಾಲಿ ಕಾಗದ ಹೋದರೆ ನಿಮ್ಮ ಹೆಸರಿನಲ್ಲಿ ಯಾರೋ ಇನ್‌ವಾಯ್ಸ್ ಬರೆಯಬಹುದು, ಘೋಷಣೆ ಬರೆಯಬಹುದು, 'ಈ ಸಾಮಾನು ಕೃಷಿ ಪಂಪಿಗೆ' ಅಂತ ಸರ್ಟಿಫಿಕೇಟ್ ಕೂಡ ಬರೆಯಬಹುದು. ಅದಕ್ಕೇ ಇವತ್ತೇ ಮಾಡಬೇಕಾದ ಕೆಲಸ ಒಂದಿಷ್ಟು ಇದೆ.

ಐಇಸಿ ಕೊಡುವ ಕೇಂದ್ರದ ವಿದೇಶ ವ್ಯಾಪಾರ ಇಲಾಖೆ ಡಿಜಿಎಫ್‌ಟಿಯ ಪೋರ್ಟಲ್‌ಗೆ ಲಾಗಿನ್ ಆಗಿ ನಿಮ್ಮ ಐಇಸಿಯಲ್ಲಿ ಇರುವ ಮೊಬೈಲ್ ನಂಬರ್, ಇಮೇಲ್, ಬ್ಯಾಂಕ್ ಖಾತೆ ನಿಮ್ಮದೇನಾ ನೋಡಿ. ಹಾಳೆ ತಟ್ಟೆ ಕಳಿಸುವಾಗ ಏಜೆಂಟ್ ತನ್ನ ನಂಬರ್ ಹಾಕಿರುವ ಸಾಧ್ಯತೆ ಉಂಟು, ಬಹಳ ಜನರಿಗೆ ಅದು ಗೊತ್ತೇ ಇರುವುದಿಲ್ಲ. ಪಾಸ್‌ವರ್ಡ್ ಬದಲಿಸಿ. ಕಸ್ಟಮ್ಸಿನ ಐಸ್‌ಗೇಟ್ ಪೋರ್ಟಲ್‌ನಲ್ಲಿ ನಿಮ್ಮ ಐಇಸಿ ಮೇಲೆ ಯಾವುದಾದರೂ ಶಿಪ್ಪಿಂಗ್ ಬಿಲ್, ಅಂದರೆ ಸಾಮಾನು ರಫ್ತು ಮಾಡುವಾಗ ಕಸ್ಟಮ್ಸಿಗೆ ಕೊಡುವ ಕಾಗದ, ಆಗಿದೆಯಾ ಅಂತ ನೋಡಿ. ನಿಮಗೆ ಆಗದಿದ್ದರೆ ಆವತ್ತು ತಟ್ಟೆ ಕಳಿಸಿದ ಮಂಗಳೂರಿನ ಕಸ್ಟಮ್ಸ್ ಏಜೆಂಟರ ಆಫೀಸಿಗೆ ಹೋಗಿ ತೋರಿಸಲು ಹೇಳಿ. ಬ್ಯಾಂಕಿಗೆ ಒಂದು ಪತ್ರ ಕೊಡಿ, 'ನನ್ನ ಸಹಿಯ ಎರಡು ಖಾಲಿ ಲೆಟರ್‌ಹೆಡ್ ಬೇರೆಯವರ ಕೈಯಲ್ಲಿದೆ, ಅದರ ಆಧಾರದಲ್ಲಿ ಏನು ಬಂದರೂ ನನ್ನನ್ನು ಕೇಳದೆ ಒಪ್ಪಬೇಡಿ' ಅಂತ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಇದೇ ವಿಷಯ ಬರೆದು ಪೊಲೀಸ್ ಠಾಣೆಯಲ್ಲೂ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ಪ್ರಶ್ನೆ ಬಂದರೆ ನಿಮ್ಮನ್ನು ಕಾಯುವುದು ಆ ತಾರೀಕು. ಅವರ ವಾಟ್ಸಾಪ್ ಮೆಸೇಜು ಒಂದನ್ನೂ ಡಿಲೀಟ್ ಮಾಡಬೇಡಿ.

ಈಗ ನಿಮ್ಮ ಭಾವನ ಮಾತಿಗೆ ಬರೋಣ. 'ಸರ್ಕಾರದ್ದೇ ಕಂಪನಿ.' ಅವರು ಹೇಳಿದ ಕಂಪನಿಯ ಹೆಸರು ನಾನು ಇಲ್ಲಿ ಬರೆಯುವುದಿಲ್ಲ, ಯಾಕೆಂದರೆ ಈ ಮನುಷ್ಯ ಯಾರು ಅಂತ ಆ ಕಂಪನಿಗೇ ಗೊತ್ತಿಲ್ಲದಿರಬಹುದು. ಆದರೆ ಅಂಥ ಕಂಪನಿಗಳು ಇರುವುದು ನಿಜ. ಅದರಲ್ಲಿ ಸುಳ್ಳಿಲ್ಲ. ರಷ್ಯಾದಲ್ಲಿ ರೋಸೊಬೊರೊನ್‌ಎಕ್ಸ್‌ಪೋರ್ಟ್ ಅಂತ ಇದೆ, 2000ದಲ್ಲಿ ಎರಡು ಸರ್ಕಾರಿ ಸಂಸ್ಥೆಗಳನ್ನು ಸೇರಿಸಿ ಮಾಡಿದ್ದು. ಅಲ್ಲಿಯ ಕಾರ್ಖಾನೆ ವಿಮಾನ ಮಾಡಲಿ, ಟ್ಯಾಂಕು ಮಾಡಲಿ, ತಯಾರಾದ ಶಸ್ತ್ರವನ್ನು ಹೊರದೇಶಕ್ಕೆ ಮಾರುವ ಕರಾರು ಈ ಒಂದು ಕಂಪನಿಯ ಮೂಲಕವೇ ಆಗಬೇಕು. ಸರ್ಬಿಯಾದ ಯುಗೊಇಂಪೋರ್ಟ್ 1949ರದ್ದು. ಚೀನಾದಲ್ಲಿ ನೊರಿಂಕೊ ಇದೆ. ಶಸ್ತ್ರ ಯಾರಿಗೆ ಹೋಗುತ್ತದೆ ಅನ್ನುವುದು ವಿದೇಶ ನೀತಿಯ ವಿಷಯ, ಕಾರ್ಖಾನೆಗಳಿಗೆ ಬಿಟ್ಟರೆ ಆಗುವುದಿಲ್ಲ. ಅದಕ್ಕೆ ಒಂದು ಬಾಗಿಲು ಇಟ್ಟು ಅಲ್ಲಿ ಸರ್ಕಾರ ಕಾವಲು ಕೂತಿರುತ್ತದೆ.

ನಮ್ಮಲ್ಲಿ ಹಾಗೆ ಒಂದೇ ಬಾಗಿಲು ಇಲ್ಲ. ಎಚ್‌ಎಎಲ್, ಬಿಇಎಲ್, ಬಿಡಿಎಲ್‌ನಂಥ ಸರ್ಕಾರಿ ರಕ್ಷಣಾ ಕಂಪನಿಗಳು ಎಲ್ಲವೂ ತಾವೇ ಮಾರುತ್ತವೆ. ಕ್ಷಿಪಣಿ ಮಾಡುವ ಬ್ರಹ್ಮೋಸ್ ಭಾರತ–ರಷ್ಯಾ ಜಂಟಿ ಕಂಪನಿ, 2022ರ ಜನವರಿಯಲ್ಲಿ ಫಿಲಿಪ್ಪೀನ್ಸ್ ಜೊತೆ ಸುಮಾರು 37.5 ಕೋಟಿ ಡಾಲರಿನ ಕರಾರು ಮಾಡಿತು. ಖಾಸಗಿಯವರಿಗೂ ಅವಕಾಶ ಇದೆ. 2013–14ರಲ್ಲಿ ದೇಶದ ಒಟ್ಟು ರಕ್ಷಣಾ ರಫ್ತು 686 ಕೋಟಿ ರೂಪಾಯಿ ಇತ್ತು, 2024–25ರಲ್ಲಿ 23,622 ಕೋಟಿ ಆಯಿತು. ಅದರಲ್ಲಿ 15,233 ಕೋಟಿ ಖಾಸಗಿ ಕಂಪನಿಗಳದ್ದು. ಈ ದೊಡ್ಡ ಅಂಕಿ ನೋಡಿಯೇ ನಿಮ್ಮಂಥವರ ಬಾಗಿಲಿಗೆ ಇಂಥವರು ಬರುವುದು ಈಗ ಜಾಸ್ತಿಯಾಗಿದೆ. 'ರಕ್ಷಣಾ ರಫ್ತು ಏರುತ್ತಿದೆ, ನೀವೂ ಸೇರಿಕೊಳ್ಳಿ' ಅಂತ. ಅಂಕಿ ನಿಜ, ಹೇಳುವ ಮನುಷ್ಯ ನಿಜವಾ ಅನ್ನುವುದು ಬೇರೆ ವಿಷಯ.

ಇನ್ನೊಂದು. ಕಂಪನಿ ಸರ್ಕಾರದ್ದು ಅಂದ ಮಾತ್ರಕ್ಕೆ ನಿಮ್ಮ ಹಣಕ್ಕೆ ಆ ಸರ್ಕಾರ ಜಾಮೀನು ನಿಂತ ಹಾಗೆ ಅಲ್ಲ. ಇದನ್ನು ನಾನು ಕೆಲಸಕ್ಕೆ ಸೇರುವ ಹೊಸಬರಿಗೆ ಯಾವಾಗಲೂ ಒಂದು ಉದಾಹರಣೆ ಕೊಟ್ಟು ಹೇಳುತ್ತಿದ್ದೆ. ಬ್ರಿಟನ್ನಿನಲ್ಲಿ ಇಂಟರ್‌ನ್ಯಾಷನಲ್ ಮಿಲಿಟರಿ ಸರ್ವಿಸಸ್ ಅಂತ ಒಂದು ಕಂಪನಿ ಇತ್ತು. ಅಲ್ಲಿಯ ರಕ್ಷಣಾ ಇಲಾಖೆಯದ್ದೇ ಕಂಪನಿ. 1970ರ ದಶಕದಲ್ಲಿ ಇರಾನಿನ ಶಾ ಸರ್ಕಾರ ಅದರಿಂದ 1,500ಕ್ಕೂ ಹೆಚ್ಚು ಚೀಫ್ಟನ್ ಟ್ಯಾಂಕುಗಳಿಗೆ ಕರಾರು ಮಾಡಿ ಹಣ ಮುಂಗಡ ಕಟ್ಟಿತ್ತು. 185 ಟ್ಯಾಂಕು ಹೋಗಿತ್ತು ಅಷ್ಟೆ. 1979ರಲ್ಲಿ ಕ್ರಾಂತಿಯಾಯಿತು, ಶಾ ಓಡಿಹೋದರು, ಉಳಿದ ಟ್ಯಾಂಕು ಹೋಗಲಿಲ್ಲ, ಹಣವೂ ವಾಪಸ್ ಹೋಗಲಿಲ್ಲ. ಮಧ್ಯಸ್ಥಿಕೆ, ಕೋರ್ಟು, ಬಡ್ಡಿ ಲೆಕ್ಕ, ನಿರ್ಬಂಧದ ನೆಪ, ಹೀಗೇ ಎಳೆದು ಎಳೆದು ಕೊನೆಗೆ 39.38 ಕೋಟಿ ಪೌಂಡ್ ಕಟ್ಟಿದ್ದು 2022ರ ಮಾರ್ಚ್‌ನಲ್ಲಿ. ನಲವತ್ತು ವರ್ಷ ದಾಟಿತ್ತು. ಅಲ್ಲಿ ಕೊಟ್ಟವರು ಒಂದು ದೇಶ, ಅವರ ಹತ್ತಿರ ಸಹಿ ಆದ ಅಸಲಿ ಕರಾರು ಇತ್ತು, ವಕೀಲರ ದಂಡೇ ಇತ್ತು. ನಿಮ್ಮ ಹತ್ತಿರ ಇರುವುದು ಒಂದು ವಾಟ್ಸಾಪ್ ನಂಬರ್, ಅಲ್ವಾ?

ಹಾಗಾದರೆ ನಿಮಗೆ ಬಂದಿರುವುದು ಏನು? ನನ್ನ ಅಂದಾಜಿನಲ್ಲಿ ಎರಡರಲ್ಲಿ ಒಂದು.

ಒಂದು, ಸಾದಾ ಮೋಸ. ನೋಂದಣಿ ಶುಲ್ಕ ಕೇಳುತ್ತಾರೆ, ಕೊಟ್ಟರೆ ಸ್ವಲ್ಪ ದಿನ ಬಿಟ್ಟು ಸೆಕ್ಯುರಿಟಿ ಡೆಪಾಸಿಟ್, ಆಮೇಲೆ 'ಎಂಬೆಸಿ ದೃಢೀಕರಣ', ಆಮೇಲೆ ಇನ್ನೊಂದು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಸಾಮಾನು ಪೂರೈಸುವವರಿಂದ ವಾಟ್ಸಾಪಿನಲ್ಲಿ ಲಕ್ಷ ರೂಪಾಯಿ ಕೇಳಿ ನೋಂದಣಿ ಮಾಡುವ ಸರ್ಕಾರಿ ಶಸ್ತ್ರ ಕಂಪನಿಯನ್ನು ನಾನು ಕಾಣಲಿಲ್ಲ. ಅವರಿಗೆ ಪೂರೈಕೆದಾರ ಬೇಕಾದರೆ ಫಾರ್ಮು ಕೊಡುತ್ತಾರೆ, ಬ್ಯಾಲೆನ್ಸ್ ಶೀಟ್ ಕೇಳುತ್ತಾರೆ, ಕ್ವಾಲಿಟಿ ಸರ್ಟಿಫಿಕೇಟ್ ಕೇಳುತ್ತಾರೆ, ಕಾರ್ಖಾನೆ ನೋಡಲು ಬರುತ್ತಾರೆ. ಪಂಪ್‌ಸೆಟ್ ಬೇರಿಂಗ್ ಮಾರುವ ಅಂಗಡಿಯನ್ನು ಹುಡುಕಿಕೊಂಡು ಬರುವುದಿಲ್ಲ. ನಿಮ್ಮ ಅಂಗಡಿಯನ್ನು ಸಣ್ಣದು ಮಾಡಿ ಹೇಳುವುದಲ್ಲ ಇದು. ಅವರಿಗೆ ಬೇಕಾದ ದಾರಿಯೇ ಬೇರೆ ಅಂತ ಹೇಳುವುದು.

ಎರಡನೆಯದು ಇನ್ನೂ ಕೆಟ್ಟದ್ದು. ಅವರು ನಿಜಕ್ಕೂ ಸಾಮಾನು ತರಿಸಿಕೊಳ್ಳುವವರು, ಹಣವನ್ನೂ ಕೊಡುವವರು ಆಗಿರಬಹುದು. ನೀವು ಕಳಿಸಬೇಕಾದ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಬಾಲ್ ಬೇರಿಂಗ್, ಟ್ಯಾಂಟಲಮ್ ಕೆಪಾಸಿಟರ್, ಕನೆಕ್ಟರ್. ಉಕ್ರೇನಿನಲ್ಲಿ ಬಿದ್ದ ಕ್ಷಿಪಣಿ, ಡ್ರೋನುಗಳನ್ನು ಬಿಚ್ಚಿ ನೋಡಿದಾಗ ಒಳಗೆ ಸಿಕ್ಕಿದ್ದು ಇಂಥದ್ದೇ ಮಾಮೂಲಿ ಬಿಡಿಭಾಗಗಳು. ಅದಾದ ಮೇಲೆ ಅಮೆರಿಕ, ಯುರೋಪ್ ಒಕ್ಕೂಟ, ಬ್ರಿಟನ್, ಜಪಾನ್ ಸೇರಿ 50 ಎಚ್‌ಎಸ್ ಕೋಡುಗಳ (ಕಸ್ಟಮ್ಸಿನಲ್ಲಿ ಸರಕನ್ನು ಗುರುತಿಸುವ ನಂಬರ್) ಒಂದು ಪಟ್ಟಿ ಮಾಡಿದವು, ರಷ್ಯಾಕ್ಕೆ ಸುತ್ತುದಾರಿಯಲ್ಲಿ ಹೋಗಬಾರದ ಸಾಮಾನು ಅಂತ. ಬಾಲ್ ಬೇರಿಂಗಿನ 8482.10 ಅದರಲ್ಲಿದೆ. ಟ್ಯಾಂಟಲಮ್ ಕೆಪಾಸಿಟರಿನ 8532.21 ಇದೆ. ಕನೆಕ್ಟರಿನ 8536.69 ಕೂಡ ಇದೆ. ನಿಮಗೆ ಕೊಟ್ಟ ಮೂರೂ ಐಟಮ್ ಒಂದೇ ಪಟ್ಟಿಯಲ್ಲಿ ಸಿಗುವುದು ನನಗೆ ಕಾಕತಾಳೀಯ ಅನ್ನಿಸುವುದಿಲ್ಲ. ಮೋಟಾರು ರಿಪೇರಿಗೆ ಬೇರಿಂಗ್ ಬೇಕಾದವನಿಗೆ ಟ್ಯಾಂಟಲಮ್ ಕೆಪಾಸಿಟರ್ ಯಾಕೆ ಬೇಕು, ನೀವೇ ಆಲೋಚಿಸಿ. ಶಾರ್ಜಾದಲ್ಲಿ ಈ ಸಾಮಾನು ಸಿಗುವುದಿಲ್ಲವಾ? ಬೇಕಾದಷ್ಟು ಸಿಗುತ್ತದೆ. ಆದರೂ ಕುಂಬಳೆಯಿಂದ ಯಾಕೆ? ಯಾವ ಪಟ್ಟಿಯಲ್ಲೂ ಇಲ್ಲದ, ಕಳಂಕ ಇಲ್ಲದ ಒಂದು ಐಇಸಿ ಬೇಕು, ಅದಕ್ಕೆ. ನಾಲ್ಕು ವರ್ಷದಲ್ಲಿ ಒಂದೇ ಸಲ ಹಾಳೆ ತಟ್ಟೆ ಕಳಿಸಿದ ಅಂಗಡಿ ಅಂದರೆ ಅವರಿಗೆ ಚಿನ್ನದಂಥದ್ದು.

ಇಲ್ಲಿ ಒಂದು ವಿಷಯ ಸರಿಯಾಗಿ ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ಅರ್ಧ ತಿಳಿದವರು ಎರಡೂ ಕಡೆ ತಪ್ಪು ಹೇಳುತ್ತಾರೆ. ಅಮೆರಿಕದ ನಿರ್ಬಂಧ ಭಾರತದ ಕಾನೂನು ಅಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹಾಕಿದ ನಿರ್ಬಂಧವನ್ನು ನಾವು ಪಾಲಿಸುತ್ತೇವೆ, ಒಂದು ದೇಶ ತಾನಾಗಿ ಹಾಕಿದ್ದನ್ನು ಅಲ್ಲ. 2018ರ ಏಪ್ರಿಲ್‌ನಲ್ಲಿ ಅಮೆರಿಕ ರೋಸೊಬೊರೊನ್‌ಎಕ್ಸ್‌ಪೋರ್ಟನ್ನು ತನ್ನ ಕಪ್ಪು ಪಟ್ಟಿಗೆ ಹಾಕಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ನಮ್ಮ ಸರ್ಕಾರ ರಷ್ಯಾದ ಎಸ್-400 ವಾಯುರಕ್ಷಣಾ ಕ್ಷಿಪಣಿಗಾಗಿ 543 ಕೋಟಿ ಡಾಲರಿನ ಕರಾರಿಗೆ ಸಹಿ ಹಾಕಿತು. 2024ರ ಅಕ್ಟೋಬರ್ 30ರಂದು ಅಮೆರಿಕ ಸುಮಾರು 400 ಹೆಸರುಗಳ ಮೇಲೆ ನಿರ್ಬಂಧ ಹಾಕಿದಾಗ ಅದರಲ್ಲಿ 19 ಭಾರತೀಯ ಕಂಪನಿಗಳೂ ಇದ್ದವು. ಆ ವಹಿವಾಟುಗಳು ಭಾರತದ ಕಾನೂನು ಮೀರಿದ್ದಲ್ಲ ಅಂತ ನಮ್ಮ ವಿದೇಶಾಂಗ ಇಲಾಖೆ ಹೇಳಿತು. ಹಾಗಾಗಿ 'ರಷ್ಯಾಕ್ಕೆ ಕಳಿಸಿದರೆ ಇಲ್ಲಿ ಜೈಲು' ಅನ್ನುವುದು ತಪ್ಪು.

ಆದರೆ 'ಹಾಗಾದರೆ ಏನೂ ಆಗುವುದಿಲ್ಲ' ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಸರ್ಕಾರಗಳ ನಡುವಿನ ಕರಾರಿಗೆ ರೂಪಾಯಿ–ರೂಬಲ್ ದಾರಿ ಹುಡುಕಲು ರಿಸರ್ವ್ ಬ್ಯಾಂಕು, ಹಣಕಾಸು ಇಲಾಖೆ ಎಲ್ಲ ಕೂರುತ್ತವೆ. ನಿಮಗೆ ಯಾರು ಕೂರುತ್ತಾರೆ? ಅಮೆರಿಕದ ಆ ಕಪ್ಪು ಪಟ್ಟಿಗೆ ಹೆಸರು ಬಿದ್ದರೆ ಡಾಲರ್ ವ್ಯವಹಾರ ಮುಚ್ಚಿತು. ಇಲ್ಲಿಯ ಬ್ಯಾಂಕುಗಳೂ ಹೊರಗಿನ ಬ್ಯಾಂಕುಗಳ ಭಯಕ್ಕೆ ನಿಮ್ಮ ಖಾತೆ ಬೇಡ ಅನ್ನಬಹುದು. ಬೇರಿಂಗ್ ಕಂಪನಿಯ ಡೀಲರ್‌ಶಿಪ್ ಇದ್ದರೆ ಅದೂ ಹೋಗಬಹುದು, ಯುರೋಪಿನಿಂದ ಹೊರಗೆ ಮಾರುವಾಗ 'ಇದನ್ನು ರಷ್ಯಾಕ್ಕೆ ಮರುರಫ್ತು ಮಾಡಬಾರದು' ಅಂತ ಕರಾರಿನಲ್ಲೇ ಬರೆಸಬೇಕು ಅನ್ನುವ ನಿಯಮ ಇಂಥ ಸಾಮಾನುಗಳಿಗೆ 2024ರ ಮಾರ್ಚ್‌ನಿಂದ ಬಂದಿದೆ. ಭಾವನ ಯುಎಇ ಕೆಲಸಕ್ಕೂ ಕುತ್ತು. ನಮ್ಮ ಊರಿನಲ್ಲಿ ಎಷ್ಟು ಮನೆಗಳ ಒಲೆ ಆ ದೇಶದಿಂದ ಉರಿಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ನಮ್ಮದೇ ಕಾನೂನು. ಇದು ಅಮೆರಿಕದ್ದಲ್ಲ, ಇದಕ್ಕೆ ನೀವು ನೇರ ಉತ್ತರ ಕೊಡಬೇಕಾಗುತ್ತದೆ. ಸ್ಕೋಮೆಟ್ ಅಂತ ಡಿಜಿಎಫ್‌ಟಿಯ ಒಂದು ಪಟ್ಟಿ ಇದೆ. ಅಪಾಯಕಾರಿ ರಾಸಾಯನಿಕ, ರೋಗಾಣು, ಉಪಕರಣ, ತಂತ್ರಜ್ಞಾನ, ಎಲ್ಲ ಅದರಲ್ಲಿ ಬರುತ್ತದೆ. 6ನೇ ವಿಭಾಗ ನೇರವಾಗಿ ಯುದ್ಧಸಾಮಗ್ರಿ, ಅದಕ್ಕೆ ಅನುಮತಿ ಕೊಡುವುದು ರಕ್ಷಣಾ ಉತ್ಪಾದನಾ ಇಲಾಖೆ. ಬೇರೆ ವಿಭಾಗಗಳಲ್ಲಿ ಎರಡೂ ಕಡೆ ಬಳಸಬಹುದಾದ ಸಾಮಾನು ಇದೆ, ಊರಿನ ಕತ್ತಿ ಗೊನೆಯನ್ನೂ ಕಡಿಯುತ್ತದೆ, ಬೇರೆಯದನ್ನೂ ಕಡಿಯುತ್ತದೆ ಅಲ್ವಾ, ಹಾಗೆ. ನಿಮ್ಮ ಅಂಗಡಿಯ 6205, 6306 ಬೇರಿಂಗಿಗೆ ಇದರ ತೊಂದರೆ ಇಲ್ಲ. ಆದರೆ ಕೆಲವು ವಿಶೇಷ ಬೇರಿಂಗ್‌ಗಳು ಪಟ್ಟಿಯ ಒಳಗೆ ಬರುತ್ತವೆ, ಗ್ರೇಡ್ ಎಷ್ಟು, ಯಾವ ಲೋಹ, ಒಳ ವ್ಯಾಸ ಎಷ್ಟು ಅಂತ ನೋಡಿ ತೀರ್ಮಾನ ಮಾಡಬೇಕು. ಅದಕ್ಕಿಂತ ಮುಖ್ಯ, ಪಟ್ಟಿಯಲ್ಲಿ ಇಲ್ಲದ ಸಾಮಾನಾದರೂ ಅದು ಕ್ಷಿಪಣಿಗೋ ಸಾಮೂಹಿಕ ನಾಶದ ಅಸ್ತ್ರಕ್ಕೋ ಹೋಗುತ್ತದೆ ಅಂತ ರಫ್ತು ಮಾಡುವವನಿಗೆ ಗೊತ್ತಿದ್ದರೆ ಅನುಮತಿ ಬೇಕೇ ಬೇಕು. 2005ರ ಒಂದು ಪ್ರತ್ಯೇಕ ಕಾಯ್ದೆಯೇ ಇದೆ ಇದಕ್ಕೆ, ನಡುವೆ ನಿಂತು ದಲ್ಲಾಳಿ ಕೆಲಸ ಮಾಡುವುದೂ ಅದರ ಒಳಗೆ ಬರುತ್ತದೆ. ನಿಮಗಂತೂ ಅವರೇ 'ಶಸ್ತ್ರ ಕಂಪನಿಗೆ' ಅಂತ ಬರೆದು ಕಳಿಸಿದ್ದಾರೆ. ಆ ಮೆಸೇಜು ನಿಮ್ಮ ಫೋನಿನಲ್ಲಿ ಇರುವಾಗ 'ನನಗೆ ಗೊತ್ತಿರಲಿಲ್ಲ' ಅಂತ ಹೇಳುವುದು ಕಷ್ಟ.

ದಂಡ ಸ್ಕೋಮೆಟ್ ವಿಷಯದಲ್ಲಿ 3 ಲಕ್ಷದಿಂದ 20 ಲಕ್ಷದವರೆಗೆ. ಬೇರೆ ರಫ್ತು ನಿಯಮ ಮೀರಿದರೆ ಸರಕಿನ ಬೆಲೆಯ ಐದು ಪಟ್ಟಿನವರೆಗೂ ಹೋಗಬಹುದು. ಐಇಸಿ ಅಮಾನತಾಗುತ್ತದೆ. ಕ್ರಿಮಿನಲ್ ಕೇಸಿನ ಅವಕಾಶವೂ ಇದೆ. ಯಾರ ಮೇಲೆ? ಶಿಪ್ಪಿಂಗ್ ಬಿಲ್ಲಿನಲ್ಲಿ ಯಾರ ಐಇಸಿ ಇದೆಯೋ ಅವರ ಮೇಲೆ. 500 ರೂಪಾಯಿ ಶುಲ್ಕ ಕಟ್ಟಿ ಮಾಡಿಸಿದ ನಂಬರ್ ಅಂತ ಅದನ್ನು ಹಗುರ ತಿಳಿಯಬೇಡಿ, ಅದು ನಿಮ್ಮ ಪ್ಯಾನ್ ನಂಬರೇ. ಸಾಮಾನು ನನ್ನದಲ್ಲ, ಬರೀ ನಂಬರ್ ಕೊಟ್ಟದ್ದು ಅಂದರೆ ಯಾರೂ ಕೇಳುವುದಿಲ್ಲ. ಐಇಸಿ ಬಾಡಿಗೆಗೆ ಕೊಟ್ಟು ಕೆಟ್ಟವರನ್ನು ನಾನು ಕಂಡಿದ್ದೇನೆ. ಒಬ್ಬರಂತೂ ಬರೀ 15 ಸಾವಿರದ ಆಸೆಗೆ ಕೊಟ್ಟು ಆರು ವರ್ಷ ಕಸ್ಟಮ್ಸ್ ಆಫೀಸಿನ ಮೆಟ್ಟಿಲು ಹತ್ತಿ ಇಳಿದರು.

ಎಂಡ್ ಯೂಸರ್ ಸರ್ಟಿಫಿಕೇಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನನ್ನ ಜೀವನದ ಅರ್ಧ ಕೆಲಸ ಅದರಲ್ಲೇ ಕಳೆದದ್ದು. ಈ ಸಾಮಾನನ್ನು ಕೊನೆಗೆ ಬಳಸುವವರು ಯಾರು, ಯಾವುದಕ್ಕೆ, ಎಷ್ಟು, ಬೇರೆಯವರಿಗೆ ದಾಟಿಸುವುದಿಲ್ಲ ಅನ್ನುವ ಮಾತು, ಅದರ ಕೆಳಗೆ ಅಧಿಕಾರ ಇರುವವರ ಸಹಿ, ಸೀಲ್. ಕಾಗದ ಒಂದೇ ಹಾಳೆ. ಆದರೆ ಇಡೀ ಶಸ್ತ್ರ ವ್ಯಾಪಾರ ನಿಂತಿರುವುದು ಆ ಒಂದು ಹಾಳೆ ಸತ್ಯವಾ ಸುಳ್ಳಾ ಅನ್ನುವುದರ ಮೇಲೆ. 1995ರ ಡಿಸೆಂಬರ್ 17ರ ರಾತ್ರಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಒಂದು ಆಂಟೊನೊವ್ ವಿಮಾನದಿಂದ ಎಕೆ-47 ರೈಫಲು, ಲಕ್ಷಗಟ್ಟಲೆ ಗುಂಡು ಹಳ್ಳಿಗಳ ಮೇಲೆ ಬಿದ್ದದ್ದು ನಿಮಗೆ ನೆನಪಿರಬಹುದು. ಆ ಶಸ್ತ್ರ ಬಲ್ಗೇರಿಯಾದಿಂದ ಬಂದದ್ದು. ಅಲ್ಲಿಂದ ಹೊರಡಲು ತೋರಿಸಿದ ಕಾಗದದಲ್ಲಿ ಬಳಸುವವರು ಬಾಂಗ್ಲಾದೇಶ ಅಂತ ಇತ್ತು. ಕಾಗದ ಸುಳ್ಳು. ಬಾಂಗ್ಲಾದೇಶದವರನ್ನು ಯಾರಾದರೂ ಒಂದು ಮಾತು ಕೇಳಿದ್ದರೆ ಆ ವಿಮಾನ ಏಳುತ್ತಿರಲಿಲ್ಲ.

ನಮ್ಮಲ್ಲೂ ಒಂದು ಸಲ ಹೀಗೇ ಆಗುವುದಿತ್ತು. ಸಣ್ಣ ಆರ್ಡರು, ರೇಡಿಯೋ ಬಿಡಿಭಾಗ. ಸರ್ಟಿಫಿಕೇಟ್ ನೋಡಲು ಬಹಳ ಚೆಂದ ಇತ್ತು, ಸೀಲ್ ಕೂಡ ಸರಿಯಾಗಿತ್ತು. ಅಭ್ಯಾಸದ ಪ್ರಕಾರ ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಕಳಿಸಿ ಕೇಳಿದೆವು. ಹದಿನೇಳು ದಿನ ಬಿಟ್ಟು ಉತ್ತರ ಬಂತು, ಸಹಿ ಹಾಕಿದ ಅಧಿಕಾರಿ ನಿವೃತ್ತಿಯಾಗಿ ಎರಡು ವರ್ಷ ಆಗಿದೆ ಅಂತ. ಆ ಹದಿನೇಳು ದಿನ ಮೇಲಿನಿಂದ ನನಗೆ ದಿನಾ ಒತ್ತಡ ಇತ್ತು, ಯಾಕೆ ತಡ ಅಂತ. ಈಗಲೂ ಅದನ್ನು ನೆನೆಸಿದರೆ ಕೈ ತಣ್ಣಗಾಗುತ್ತದೆ. ಸರ್ಕಾರಿ ಕಂಪನಿಗೆ ರಾಯಭಾರ ಕಚೇರಿಯನ್ನು ಕೇಳುವ ದಾರಿ ಇತ್ತು, ನಿಮಗೆ ಅಷ್ಟು ಸುಲಭದ ದಾರಿಯೂ ಇಲ್ಲ.

ನಿಮ್ಮ ಮುಂದೆ ಏನೇನು ದಾರಿ ಇದೆ? ಪೂರ್ತಿ ಬಿಟ್ಟುಬಿಡುವುದು ಒಂದು. ನಾನು ಹೇಳುವುದು ಇದನ್ನೇ. ನಷ್ಟ ಅಂದರೆ ಬಾರದ ಕಮಿಷನ್ ಅಷ್ಟೆ.

ಇಲ್ಲ, ಒಮ್ಮೆ ಪರೀಕ್ಷೆ ಮಾಡಿಯೇ ನೋಡುತ್ತೇನೆ ಅಂತಿದ್ದರೆ, ಒಂದು ರೂಪಾಯಿ ಕೊಡದೆ, ಇನ್ನೊಂದು ಕಾಗದವನ್ನೂ ಕಳಿಸದೆ, ಅವರಿಂದ ಕಾಗದ ಕೇಳಿ. ಕಂಪನಿಯ ಸ್ವಂತ ಡೊಮೈನಿನ ಇಮೇಲಿನಿಂದ ಖರೀದಿ ಆದೇಶ. ಸಾಮಾನು ಕೊನೆಗೆ ಬಳಸುವವರ ಹೆಸರು, ವಿಳಾಸ. ಹಣ ಕೊಡುವವರೂ ಸಾಮಾನು ಪಡೆಯುವವರೂ ಯಾಕೆ ಬೇರೆ ಬೇರೆ ಅನ್ನುವುದಕ್ಕೆ ಲಿಖಿತ ಕಾರಣ. ಮೂರನೆಯವರಿಂದ ಹಣ ಬರುವುದು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಪೂರ್ತಿ ನಿಷೇಧ ಅಲ್ಲ, ಷರತ್ತು ಇದೆ, ಆದರೆ ಶಸ್ತ್ರದ ಹೆಸರು ಬಂದಲ್ಲಿ ಮೂರನೆಯವರ ಹಣ ಅಂದರೆ ನಾನಾಗಿದ್ದರೆ ಅಲ್ಲಿಗೇ ಫೈಲು ಮುಚ್ಚುತ್ತಿದ್ದೆ. ಅವರು ಹೇಳಿದ ಕಂಪನಿಯ ಹೆಸರನ್ನು ಅಮೆರಿಕದ ಖಜಾನೆ ಇಲಾಖೆಯ ನಿರ್ಬಂಧ ಪಟ್ಟಿಯಲ್ಲಿ ಯಾರೂ ಉಚಿತವಾಗಿ ಹುಡುಕಬಹುದು. ನಾನು ಹುಡುಕಿದೆ, ಇದೆ. ಹಣ ಕಳಿಸುವ ಟ್ರೇಡಿಂಗ್ ಕಂಪನಿಯ ಹೆಸರನ್ನೂ ಹುಡುಕಿ. ಅಲ್ಲಿ ಇಲ್ಲದಿದ್ದರೆ ಶುದ್ಧ ಅಂತ ಅಲ್ಲ, ಮೊನ್ನೆ ತೆರೆದ ಕಂಪನಿ ಪಟ್ಟಿಗೆ ಬರಲು ಸಮಯ ಬೇಕಲ್ಲ. ಈ ದಾರಿಯ ಅಪಾಯ ಏನೆಂದರೆ ಅವರು ಕಾಗದ ಕಳಿಸಿಯೂ ಬಿಡಬಹುದು, ಚೆಂದದ ಕಾಗದ, ನೋಡಿ ನಿಮಗೆ ನಂಬಿಕೆ ಹುಟ್ಟಬಹುದು. ಅಷ್ಟು ಗಟ್ಟಿ ಮನಸ್ಸು ಇಲ್ಲದಿದ್ದರೆ ಕೇಳಲೇ ಹೋಗಬೇಡಿ.

ಕೆಲವರು ನಿಮಗೆ ಇನ್ನೊಂದು ಉಪಾಯ ಹೇಳಬಹುದು, ಸಾಮಾನು ಭಾರತಕ್ಕೆ ಬರುವುದೇ ಬೇಡ, ಚೀನಾದಿಂದ ನೇರ ಶಾರ್ಜಾಕ್ಕೆ ಹೋಗಲಿ, ನೀವು ಬಿಲ್ಲು ಮಾತ್ರ ಮಾಡಿ ಅಂತ. ಅದಕ್ಕೆ ಮರ್ಚಂಟಿಂಗ್ ಟ್ರೇಡ್ ಅನ್ನುತ್ತಾರೆ, ಕಾನೂನಿನಲ್ಲಿ ಅವಕಾಶ ಇದೆ. ಆದರೆ ಬ್ಯಾಂಕು ಎರಡೂ ಕಡೆಯ ಕಾಗದ ನೋಡುತ್ತದೆ. ಇಲ್ಲಿಂದ ಕಳಿಸಲು ಅನುಮತಿ ಬೇಕಾದ ಸಾಮಾನು ಅಲ್ಲಿಂದ ಅಲ್ಲಿಗೆ ಹೋದರೆ ಶುದ್ಧವಾಗುವುದಿಲ್ಲ.

ನಿಮ್ಮ ಪತ್ರದ ಒಳಗೆ ನನಗೆ ಕಂಡದ್ದು ಬರೀ ಆಸೆ ಅಲ್ಲ. ಅಂಗಡಿ ವ್ಯಾಪಾರ ಸಾಲುತ್ತಿಲ್ಲ, ಬೇರೇನಾದರೂ ಮಾಡಬೇಕು ಅನ್ನುವ ಒದ್ದಾಟ. ಅದು ತಪ್ಪಲ್ಲ. ರಕ್ಷಣಾ ಕ್ಷೇತ್ರದ ಸರ್ಕಾರಿ ಕಂಪನಿಗೇ ಸಾಮಾನು ಕೊಡಬೇಕು ಅಂತಿದ್ದರೆ ನಿಮ್ಮಿಂದ ಸ್ವಲ್ಪವೇ ದೂರ ಸೀತಾಂಗೋಳಿಯಲ್ಲಿ ಎಚ್‌ಎಎಲ್ ಕಾರ್ಖಾನೆ ಇದೆ, 2012ರಿಂದ. ವಿಮಾನಗಳ ಒಳಗಿನ ಕಂಪ್ಯೂಟರು, ಎಲೆಕ್ಟ್ರಾನಿಕ್ಸ್ ಕೆಲಸ ಅಲ್ಲಿಯದು. ವಿಮಾನಕ್ಕೆ ಹೋಗುವ ಭಾಗ ನಿಮ್ಮಿಂದ ಆಗುವುದಲ್ಲ, ಅದಕ್ಕೆ ಬೇರೆಯೇ ಸರ್ಟಿಫಿಕೇಟು, ಮೊದಲ ಪೀಸಿನ ತಪಾಸಣೆ, ವರ್ಷಗಟ್ಟಲೆ ಕಾಯುವುದು ಎಲ್ಲ ಇದೆ. ಆದರೆ ಯಾವ ಕಾರ್ಖಾನೆಗೂ ಪಂಪು, ಎಸಿ, ಜನರೇಟರು ಇರುತ್ತದೆ, ಬೆಲ್ಟು ಹರಿಯುತ್ತದೆ, ಬೇರಿಂಗ್ ಸವೆಯುತ್ತದೆ. ಇಂಥ ನಿರ್ವಹಣೆಯ ಸಾಮಾನನ್ನು ಸರ್ಕಾರಿ ಕಂಪನಿಗಳು ಜೆಮ್ ಅನ್ನುವ ಸರ್ಕಾರಿ ಖರೀದಿ ಪೋರ್ಟಲ್‌ನಲ್ಲಿ ಕೊಳ್ಳುತ್ತವೆ. ಬೇರಿಂಗ್ ಕಂಪನಿಯಿಂದ ಅಧಿಕೃತ ಮಾರಾಟಗಾರ ಅನ್ನುವ ಪತ್ರ ತೆಗೆದುಕೊಂಡು ಅಲ್ಲಿ ಸೇರಿಕೊಳ್ಳಬಹುದು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಅದಕ್ಕೂ ಹಣ ಕೇಳುವ ನಕಲಿ ಸೈಟು ಇವೆ, ನೋಡಿಕೊಳ್ಳಿ.

ಸತ್ಯ ಹೇಳಬೇಕು, ಇದರಲ್ಲಿ ಶೇ 8 ಸಿಗುವುದಿಲ್ಲ. ಸಣ್ಣ ಉದ್ಯಮಗಳಿಂದ ಶೇ 25 ಖರೀದಿಸಬೇಕು ಅನ್ನುವ ಸರ್ಕಾರದ ಆದೇಶ ಇದೆಯಲ್ಲ, ಅದರ ಲಾಭ ತಯಾರಕರಿಗೆ, ಸೇವೆ ಕೊಡುವವರಿಗೆ. ನಿಮ್ಮ ಹಾಗೆ ಕೊಂಡು ಮಾರುವವರಿಗೆ ಉದ್ಯಮ್ ಇದ್ದರೂ ಬ್ಯಾಂಕ್ ಸಾಲಕ್ಕೆ ಮಾತ್ರ ಉಪಯೋಗ. ಇದನ್ನು ಏಜೆಂಟರು ಹೇಳುವುದೇ ಇಲ್ಲ. ಮೋಟಾರ್ ರಿವೈಂಡಿಂಗ್, ಪಂಪ್ ರಿಪೇರಿ ಹೇಗೂ ಮಾಡುತ್ತಿದ್ದರೆ ಅದನ್ನು ಸೇವೆ ಅಂತ ಉದ್ಯಮ್‌ನಲ್ಲಿ ಸೇರಿಸಿ, ಆಗ ಬಾಗಿಲು ಸ್ವಲ್ಪ ತೆರೆಯುತ್ತದೆ. ಸೇವೆ ಕೊಟ್ಟ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆ ಇದೆ, ತಡವಾದರೆ ಬಡ್ಡಿ ಕೇಳಬಹುದು.

ಭಾವನ ವಿಷಯ. ಅವನನ್ನು ಬೈಯಬೇಡಿ. ಅವನಿಗೂ ಯಾರೋ ಹೇಳಿದ್ದು, ಒಳ್ಳೆಯದಾಗಲಿ ಅಂತಲೇ ನಿಮಗೆ ಹೇಳಿದ್ದಾನೆ. ಆದರೆ ಅವನ ಹೆಸರಿನಲ್ಲಿ, ಅವನ ಎಮಿರೇಟ್ಸ್ ಐಡಿಯಲ್ಲಿ ಅಲ್ಲಿ ಏನಾದರೂ ಸಹಿ ಮಾಡಿಸಿಕೊಂಡಿದ್ದಾರಾ, ಗೋಡೌನು ಬಾಡಿಗೆಗೆ ಹಿಡಿಸಿದ್ದಾರಾ, ಯಾವುದಾದರೂ ಕಂಪನಿಯಲ್ಲಿ ಪಾಲುದಾರ ಅಂತ ಹಾಕಿದ್ದಾರಾ ಅಂತ ಇವತ್ತು ರಾತ್ರಿಯೇ ಫೋನ್ ಮಾಡಿ ಕೇಳಿ. ಹಾಕಿದ್ದರೆ ಅವನು ಅಲ್ಲಿಯ ವಕೀಲರನ್ನು ಕಾಣಬೇಕು, ತಡ ಮಾಡಬಾರದು. ಮತ್ತೆ ಆ ಪ್ರತಿನಿಧಿ ಹಣಕ್ಕೆ ಒತ್ತಾಯಿಸಿದರೆ, ಅಥವಾ ಲೆಟರ್‌ಹೆಡ್ ತೋರಿಸಿ ಹೆದರಿಸಿದರೆ, ಉತ್ತರ ಕೊಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಐಸ್‌ಗೇಟ್‌ನಲ್ಲಿ ನಿಮಗೆ ಗೊತ್ತಿಲ್ಲದ ಶಿಪ್ಪಿಂಗ್ ಬಿಲ್ ಏನಾದರೂ ಕಂಡರೆ ಮಾತ್ರ ನೀವಾಗಿಯೇ ಕಸ್ಟಮ್ಸಿಗೆ ಹೋಗುವ ಮೊದಲು ರಫ್ತು ಕಾನೂನು ಗೊತ್ತಿರುವ ವಕೀಲರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಆ ಬಿಲ್ಲಿನ ನಂಬರ್, ತಾರೀಕು, ಬಂದರಿನ ಹೆಸರು ಬರೆದು ನನಗೂ ತಿಳಿಸಿ, ಅದರಲ್ಲಿ ಏನು ಬರೆದಿದೆ ಅಂತ ಓದಿ ಹೇಳುತ್ತೇನೆ.